ನೋಡಿ ಹೇಳಲು ಒಬ್ಬರು ಬೇಕು

ಎಲ್ಲ ಶುರುವಾದದ್ದು 'ಯಾರಾದರೂ ಸರಿ' ಎಂಬ ಎರಡು ಪದಗಳಿಂದ.

ಮುಖ ತೊಳೆಯುವ ಮೊದಲೇ ಮೇಲ್ ನೋಡುವುದು ಕಾಂತರಾಜನ ಚಟ. ಅವತ್ತು ಬೆಳಗ್ಗೆ ಹೆನ್ರಿಕ್ ಹೀಗೆ ಬರೆದಿದ್ದ: "ನಿಮ್ಮ ತಿದ್ದುಪಡಿ ನನಗೆ ಒಪ್ಪಿಗೆ. ಆದರೆ ನಮ್ಮ ನಿಯಮ ನಿಮಗೆ ಗೊತ್ತಲ್ಲ. ಪರದೆಯ ಮೇಲೆ ಕಾಣುವುದನ್ನು ಬದಲಾಯಿಸಿದರೆ, ನೀವೂ ನಾನೂ ಅಲ್ಲದ ಒಬ್ಬರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೊಸದೇ ವಾಸಿ ಅಂತ ತಮ್ಮ ಹೆಸರಿನಲ್ಲಿ ಬರೆಯಬೇಕು. ಇವತ್ತು ಸಾಯಂಕಾಲ ಈ ಆವೃತ್ತಿಯ ಬಾಗಿಲು ಹಾಕುತ್ತೇವೆ. ಮುಂದಿನದು ಯಾವಾಗಲೋ ಹೇಳಲಾರೆ. ಸ್ನೇಹಿತರು, ಮನೆಯವರು, ಯಾರಾದರೂ ಸರಿ."

ಕಾಂತರಾಜ ಆ ಸಾಲನ್ನು ಓದಿ ರೂಮಿನ ಸುತ್ತ ಕಣ್ಣು ಹಾಯಿಸಿದ. ಮಂಚ, ಮೇಜು, ಗ್ಯಾಸ್ ಸ್ಟೌ, ಒಂದು ಕುರ್ಚಿ. ಕುರ್ಚಿಯ ಮೇಲೆ ಅವನೇ ಕೂತಿದ್ದ.

ಈ ಹೆನ್ರಿಕ್ ಯಾವ ದೇಶದವನೋ ಕಾಂತರಾಜನಿಗೆ ಸರಿಯಾಗಿ ತಿಳಿಯದು. ಪ್ರೋಗ್ರಾಮುಗಳ ಹೊಟ್ಟೆ ಸೀಳಿ ಒಳಗೇನಿದೆ ಎಂದು ತೋರಿಸುವ ಒಂದು ಪುಕ್ಕಟೆ ಟೂಲು ಇದೆ. ಅದರ ಯಜಮಾನಿಕೆ ಅವನದು. ಕಾಂತರಾಜ ವೇಮಗಲ್ಲಿನ ಒಂದು ಸಣ್ಣ ಕಂಪನಿಗೆ ಪಂಪುಸೆಟ್ಟಿನ ಕಂಟ್ರೋಲ್ ಬೋರ್ಡಿನ ಪ್ರೋಗ್ರಾಮು ಬರೆಯುವವನು. ಬೋರ್ಡು ಕೆಟ್ಟಾಗಲೆಲ್ಲ ಈ ಟೂಲನ್ನು ತೆಗೆದು ಕೂರಬೇಕಾಗುತ್ತಿತ್ತು. ಪ್ರೋಗ್ರಾಮು ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಕೈ ಹಾಕುತ್ತದೆ, ಅದರ ನಡುವೆ ಮತ್ತೊಂದಕ್ಕೆ. ಹೀಗೆ ಒಂದರ ಮೇಲೊಂದು ಪೇರಿಸಿದ ರಾಶಿಗೆ ಸ್ಟ್ಯಾಕ್ ಎನ್ನುತ್ತಾರೆ. ಎಲ್ಲೋ ಎಡವಿ ಬಿದ್ದಾಗ ಆ ರಾಶಿಯನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಮಾತ್ರ ಯಾರು ಯಾರನ್ನು ಕರೆದಿದ್ದರು ಎಂದು ತಿಳಿಯುವುದು. ಹಿಂದಕ್ಕೆ ಹೋಗುವ ಆ ದಾರಿ ಪ್ರೋಗ್ರಾಮಿನೊಳಗೇ ಬರೆದಿರುತ್ತದೆ. ಟೂಲು ಅದನ್ನು ತೋರಿಸುತ್ತಿತ್ತು, ಇಲ್ಲ ಎನ್ನುವ ಹಾಗಿಲ್ಲ. ಆದರೆ ಅದು ತೋರಿಸುತ್ತಿದ್ದದ್ದು ಅಂಕಿಗಳ ಗುಡ್ಡೆ. ನೋಡಿದವರಿಗೆ ಮೊದಲು ತಲೆನೋವು ಬರುತ್ತಿತ್ತು, ಆಮೇಲೆ ನಿದ್ದೆ ಬರುತ್ತಿತ್ತು.

ಕಾಂತರಾಜ ಮೂರು ವರ್ಷ ಕೂತು ಆ ಗುಡ್ಡೆಯನ್ನು ಸಾಲಾಗಿ ಜೋಡಿಸಿದ. ಇಂಥ ಜಾಗದಲ್ಲಿ ಬಿದ್ದಿದ್ದರೆ ಹಿಂದಿನ ವಿಳಾಸ ಇಲ್ಲಿದೆ, ಹೊರಡುವಾಗ ಎತ್ತಿಟ್ಟ ಸಾಮಾನು ಅಲ್ಲಿದೆ, ಎಂದು ಓದುವ ಹಾಗೆ ಮಾಡಿದ. ಸಂಬಳಕ್ಕಲ್ಲ, ಹೆಸರಿಗೂ ಅಲ್ಲ. ಯಾರೋ ಒಬ್ಬರು ಅದನ್ನು ನೋಡಿ "ಓ, ಈಗ ತಿಳಿಯಿತು" ಅನ್ನಬೇಕು, ಅಷ್ಟೇ ಅವನ ಆಸೆ. ಅಷ್ಟು ಸಣ್ಣ ಆಸೆ ಇಟ್ಟುಕೊಂಡವನಿಗೆ ದೇವರು ಬೇಗ ಸಿಗುತ್ತಾನಂತೆ, ಮನುಷ್ಯರು ಸಿಗುವುದು ಕಷ್ಟ.

ಏಳು ವರ್ಷದಿಂದ ಅವನಿದ್ದದ್ದು ಮುಳಬಾಗಿಲಿನಲ್ಲಿ, ತಾಜ್ ಪಾಷಾನ ಫಿಲೇಚರಿನ ಮಹಡಿ ಮೇಲೆ. ಫಿಲೇಚರ್ ಎಂದರೆ ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವ ಜಾಗ. ಬೆಂದ ಹುಳುವಿನ ವಾಸನೆ ಮೆಟ್ಟಿಲು ಹತ್ತಿ ಬಂದು ಅವನ ಹಾಸಿಗೆಯಲ್ಲಿ ಮಲಗುತ್ತಿತ್ತು. ಈ ವಾಸನೆಗೆ ಹೆದರಿ ನೆಂಟರು ಬರುವುದಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ವಾಸನೆ ಇಲ್ಲದ ರೂಮಿಗೂ ಬರುತ್ತಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರು, ಮದುವೆ ಆಗಿರಲಿಲ್ಲ. ಕಂಪನಿಯವರು ಜಾಗ ಸಾಲದೆಂದು "ನೀವು ಮನೇಲೇ ಕೂತು ಮಾಡಿ" ಎಂದು ಕಳಿಸಿದ್ದರು. ಅಲ್ಲಿ ಅವನ ಮೇಜಿದ್ದ ಜಾಗದಲ್ಲಿ ಈಗ ಕುಡಿಯುವ ನೀರಿನ ಕ್ಯಾನುಗಳಿವೆ.

ಆದರೂ ಕಾಂತರಾಜ ಧೈರ್ಯ ಮಾಡಿ ಫೋನ್ ತೆಗೆದ. ಮೊದಲು ಕಂಪನಿಯ ಲೆಕ್ಕದ ವಿಭಾಗದ ರಜನಿ. ಹಬ್ಬಕ್ಕೆ ಶುಭಾಶಯ ಕಳಿಸುವ ಒಬ್ಬಳೇ ಒಬ್ಬಳು ಅವಳು, ಇಡೀ ಕಂಪನಿಗೇ ಒಟ್ಟಿಗೆ ಕಳಿಸುತ್ತಿದ್ದರೂ.

"ಹಲೋ, ಯಾರು?" ಅಂದಳು ರಜನಿ.

"ನಾನು, ಕಾಂತರಾಜ್."

"ಯಾವ ಕಾಂತರಾಜ್?"

"ಕಂಟ್ರೋಲ್ ಬೋರ್ಡು... ಪ್ರೋಗ್ರಾಮು..."

"ಅಯ್ಯೋ ಸಾರ್, ನೀವು ಕೆಲ್ಸ ಬಿಟ್ಟಿಲ್ವಾ?" ರಜನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಮೀಟಿಂಗಲ್ಲಿದ್ದೀನಿ, ಏನಿದ್ರೂ ಮೇಲ್ ಹಾಕಿ" ಎಂದು ಇಟ್ಟಳು.

ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಜೊತೆಗೆ ಓದಿದ ಶಿವಶಂಕರ. ಮಾಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು.

"ಲೇ ಕಾಂತ! ಬದುಕಿದ್ದೀಯೇನ್ಲಾ! ಮದ್ವೆ ಫಿಕ್ಸಾಯ್ತಾ?"

"ಇಲ್ಲ ಕಣೋ. ಒಂದು ಸಣ್ಣ ಸಹಾಯ. ಕಂಪ್ಯೂಟರಲ್ಲಿ ಒಂದು ನೋಡಿ ಹೇಳ್ಬೇಕಿತ್ತು..."

"ಹುಡುಗಿ ಫೋಟೋನಾ?"

"ಅಲ್ಲ ಕಣೋ, ಸ್ಟ್ಯಾಕು..."

"ಏನೋ ನೀನು, ಸುಮ್ನೆ ಆಸೆ ಹುಟ್ಟಿಸ್ತೀಯ. ಗಿರಾಕಿ ಬಂದವ್ರೆ, ಇಡ್ತೀನಿ." ಶಿವಶಂಕರ ಇಟ್ಟೇಬಿಟ್ಟ.

ಫೋನಿನಲ್ಲಿ ಇನ್ನೂ ಹೆಸರುಗಳಿದ್ದವು. ಗ್ಯಾಸಿನವನು, ಇಂಟರ್‌ನೆಟ್ಟಿನವನು, ಹೆಸರಿನ ಮುಂದೆ 'ಹಲ್ಲು' ಎಂದು ಬರೆದಿದ್ದ ಒಬ್ಬ ಡಾಕ್ಟರು. ಕಾಂತರಾಜ ಅಂಗಿ ಹಾಕಿಕೊಂಡು ಟೀ ಅಂಗಡಿಗೆ ಹೊರಟ.

ಟೀ ಅಂಗಡಿಯ ಬೆಂಚಿನ ಮೇಲೆ ಗಂಗುಲಪ್ಪ ಕೂತಿದ್ದ. ಒಂದು ಕಾಲದಲ್ಲಿ ಗೂಡಿನ ದಲ್ಲಾಳಿ. ಈಗ ದಲ್ಲಾಳಿ ಕೆಲಸ ಬಿಟ್ಟು ಬರೀ ಸುದ್ದಿಯನ್ನು ಕೈ ಬದಲಾಯಿಸುತ್ತಿದ್ದ. ಬೀದಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎನ್ನುವುದೂ ಅವನಿಗೆ ಬೇಕು.

"ಏಮಯ್ಯಾ, ಮಹಡಿ ಸಾರು, ನೀನು ಬಿಸಿಲಿಗೂ ಬರ್ತೀಯ?" ಎಂದ ಗಂಗುಲಪ್ಪ. ಅವನ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. "ಬಾ ಕೂತ್ಕೋ. ಹಗಲೂ ರಾತ್ರಿ ಬಾಗ್ಲು ಹಾಕ್ಕೊಂಡು ಏನ್ ಮಾಡ್ತೀಯ ಅಂತ ಬೀದಿಗೆಲ್ಲ ಯೋಚ್ನೆ. ಇವತ್ತಾದ್ರೂ ಹೇಳಪ್ಪ."

ಏಳು ವರ್ಷದಲ್ಲಿ ಕಾಂತರಾಜನ ಕೆಲಸ ಏನೆಂದು ಯಾರೂ ಕೇಳಿರಲಿಲ್ಲ. ಸರಿಯಾಗಿ ಹೇಳಬೇಕು, ಇಂಗ್ಲಿಷಿನಲ್ಲಿ ಹೇಳಿ ಓಡಿಸಬಾರದು ಎಂದು ಕನ್ನಡದಲ್ಲಿ ಪದ ಹುಡುಕಿದ. ಮೇಲಿನಿಂದ ಒಂದೊಂದಾಗಿ ಬಿಚ್ಚುವುದಕ್ಕೆ ಏನನ್ನಬೇಕು? ಅವನ ಮಂಚದ ಕೆಳಗೆ, ನೆಲದ ಅಡಿಯಲ್ಲಿ, ದಿನವಿಡೀ ಕೇಳುತ್ತಿದ್ದ ಪದ ತಾನಾಗಿ ನಾಲಿಗೆಗೆ ಬಂತು.

"ಬಿಚ್ಚಾಣಿಕೆ, ಗಂಗುಲಪ್ಪನೋರೆ. ಬೈನರಿ ಒಳಗಿನ ಬಿಚ್ಚಾಣಿಕೆ. ಹಳೇ ವಿಧಾನದಲ್ಲಿ ಕಣ್ಣಿಗೇ ಕಾಣ್ತಿರ್ಲಿಲ್ಲ. ನಾನು ಹೊಸ ವಿಧಾನ ಮಾಡಿದ್ದೀನಿ. ಒಬ್ಬರು ಬಂದು ನೋಡಿ, ಚೆನ್ನಾಗಿದೆ ಅಂತ ಬರ್ದುಕೊಟ್ರೆ ಪಾಸಾಗತ್ತೆ. ಫಾರಿನ್‌ನೋರು ಕಾಯ್ತಿದ್ದಾರೆ. ಇವತ್ತು ಸಾಯಂಕಾಲ ಕೊನೆ."

ಬಿಚ್ಚಾಣಿಕೆ ಎಂದರೆ ಆ ಬೀದಿಗೆಲ್ಲ ಒಂದೇ ಅರ್ಥ, ಗೂಡಿನಿಂದ ನೂಲು ತೆಗೆಯುವುದು. ಇನ್ನು ಬೈನರಿ, ಅಂದರೆ ಕಂಪ್ಯೂಟರ್ ಓದುವ ರೂಪದ ಪ್ರೋಗ್ರಾಮು, ಎಂಬುದು ಗಂಗುಲಪ್ಪನ ಕಿವಿ ಸೇರುವ ಹೊತ್ತಿಗೆ ಬೈವೋಲ್ಟಿನ್ ಆಗಿತ್ತು. ಬೈವೋಲ್ಟಿನ್ ಗೂಡು ಎಂದರೆ ಬೆಳ್ಳಗಿನ ಜಾತಿ ಗೂಡು, ಹೆಚ್ಚಿನ ರೇಟಿನದು. ಅದನ್ನು ಬಿಚ್ಚಲು ಒಳ್ಳೆಯ ಮೆಷಿನ್ ಬೇಕೆಂದು ನೂಲು ಬಿಚ್ಚಿಸುವ ಬೀದಿಯ ರೀಲರುಗಳೆಲ್ಲ ವರ್ಷಗಟ್ಟಲೆ ಬಾಯಿ ಬಿಡುತ್ತಿದ್ದರು.

"ಫಾರಿನ್ ಮೆಷಿನ್ನಾ!" ಗಂಗುಲಪ್ಪ ಟೀ ಲೋಟ ಇಟ್ಟ. "ನೋಡಿ ಬರ್ದುಕೊಟ್ಟೋರಿಗೆ ಮೊದ್ಲು ಕೊಡ್ತಾರಾ?"

"ಏನು ಕೊಡ್ತಾರೆ?"

"ಸರೇಲೇ, ಬಾಯಿ ಬಿಡ್ಬೇಡ ಅಂದವ್ರೇನೋ. ನಂಗರ್ಥ ಆಯ್ತು. ನೀನು ಮನೆಗೋಗು, ನಾನು ಕರ್ಕೊಂಡು ಬರ್ತೀನಿ."

ಕಾಂತರಾಜ ಕೃತಜ್ಞತೆಯಿಂದ ಮನೆಗೆ ಬಂದು ರೂಮು ಗುಡಿಸಿದ. ಒಬ್ಬ ಬರುತ್ತಾನೆಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದು ಮಡಚಿಟ್ಟ. ಪರದೆಯ ಎಡಗಡೆಗೆ ಹಳೆಯದು, ಬಲಗಡೆಗೆ ಹೊಸದು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹೆಣ್ಣು ನೋಡಲು ಬರುವವರಿಗಾಗಿ ಮನೆ ಸಿಂಗರಿಸಿದ ಹಾಗಿತ್ತು.

ಮೆಟ್ಟಿಲ ಮೇಲೆ ಸದ್ದಾಯಿತು. ಒಬ್ಬನ ಸದ್ದಲ್ಲ. ಮೊದಲು ಗಂಗುಲಪ್ಪ ಬಂದ. ಅವನ ಹಿಂದೆ ತಾಜ್ ಪಾಷಾ, ಅವನ ಹಿಂದೆ ಪಕ್ಕದ ಫಿಲೇಚರಿನವರು, ಎದುರು ಸಾಲಿನವರು, ಹೋಳೂರಿನಿಂದ ಗೂಡು ಮಾರಲು ಬಂದಿದ್ದ ಒಬ್ಬ ರೈತ, ಎಲ್ಲಿಗೆ ಹೋಗುತ್ತಿದ್ದಾರೆಂದು ಕೇಳಲು ಬಂದು ಜೊತೆಗೇ ಹತ್ತಿದ ಇನ್ನಿಬ್ಬರು. ಕೊನೆಯಲ್ಲಿ ಒಂದು ಬಕೆಟ್ ಹೊಗೆಯಾಡುವ ಬಿಸಿನೀರೂ ಒಂದು ಬುಟ್ಟಿ ಗೂಡೂ ಬಂದವು.

"ಸಾರ್, ನಮ್ ಮನೆ ಮೇಲೇ ಮೆಷಿನ್ ಇಟ್ಕೊಂಡು ನಮಗೇ ಹೇಳ್ಲಿಲ್ವಲ್ಲಾ ಸಾರ್" ಎಂದ ತಾಜ್ ಪಾಷಾ, ನಿಜವಾಗಿಯೂ ಮನಸ್ಸು ನೊಂದು. "ಎಲ್ಲೈತೆ?"

"ಇದೇ" ಎಂದು ಕಾಂತರಾಜ ಲ್ಯಾಪ್‌ಟಾಪ್ ತೋರಿಸಿದ.

ಎಲ್ಲರೂ ಬಗ್ಗಿ ನೋಡಿದರು. ಹೋಳೂರಿನ ರೈತ ಮೇಜಿನ ಅಡಿಗೂ ನೋಡಿದ.

"ಇಷ್ಟು ಚಿಕ್ಕದಾ? ಇದಕ್ಕೆ ನೀರೆಲ್ಲಿ ಹುಯ್ಯೋದು?" ಎಂದು ಒಬ್ಬ ಬಕೆಟ್ ಎತ್ತಿದ. ಕಾಂತರಾಜ ಅಯ್ಯೋ ಎಂದು ಅಡ್ಡ ಹಾರಿದ. ನೀರು ಕಂಪ್ಯೂಟರ್ ಬಿಟ್ಟು ಅವನ ಪಾದದ ಮೇಲೆ ಬಿತ್ತು. ಬುಟ್ಟಿಯಿಂದ ಗೂಡು ಉರುಳಿ ಮಂಚದ ಕೆಳಗೆಲ್ಲ ಹರಡಿದವು.

"ಇದು ರೇಷ್ಮೆದಲ್ಲ, ದಯವಿಟ್ಟು ಕೇಳಿ" ಎಂದ ಕಾಂತರಾಜ, ಒಂಟಿ ಕಾಲಿನಲ್ಲಿ ಕುಣಿಯುತ್ತ. "ಇದು ಕಂಪ್ಯೂಟರಿನ ಬಿಚ್ಚಾಣಿಕೆ!"

"ಅದೇ ಅಲ್ವಾ ನಾನೂ ಹೇಳಿದ್ದು!" ಗಂಗುಲಪ್ಪ ಜನರ ಕಡೆ ತಿರುಗಿದ. "ಕಂಪ್ಯೂಟರ್ ಮೆಷಿನ್. ಈಗ ಎಲ್ಲಾ ಆನ್‌ಲೈನ್ ಕಣ್ರಯ್ಯಾ. ಮೊದ್ಲು ಇದ್ರಲ್ಲಿ ಅಭಿಪ್ರಾಯ ಹಾಕ್ಬೇಕು, ಆಮೇಲೆ ಮೆಷಿನ್ ಮನೆಗೆ ಬರ್ತದೆ."

"ಮೆಷಿನ್ನೇ ಇಲ್ಲ!" ಕಾಂತರಾಜ ಎರಡನೆಯ ಸಲ ಹೇಳಿದ.

ಎದುರು ಸಾಲಿನ ರೀಲರೊಬ್ಬ ಮುಖ ಸಿಂಡರಿಸಿ, "ಅಂದ್ರೆ ನಿಮ್ಮೋರಿಗೆ ಮಾತ್ರ ಕೊಡೋಕಾ ಸಾರ್?" ಎಂದ.

"ನಮ್ಮೋರು ಅಂತ ನಂಗೆ ಯಾರೂ ಇಲ್ಲ" ಎಂದ ಕಾಂತರಾಜ. ಹಾಗೆ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ಮಾತು ತಾನೇ ಬಂದುಬಿಟ್ಟಿತ್ತು.

"ಹಂಗಂದ್ರೇನ್ ಸಾರ್, ನಾವಿಲ್ವಾ?" ಎಂದ ತಾಜ್ ಪಾಷಾ, ಅವನ ಹೆಗಲ ಮೇಲೆ ಕೈಹಾಕಿ.

ಏಳು ವರ್ಷದಲ್ಲಿ ಕ್ಷೌರಿಕನನ್ನು ಬಿಟ್ಟರೆ ಕಾಂತರಾಜನನ್ನು ಯಾರೂ ಮುಟ್ಟಿರಲಿಲ್ಲ. ಮೂರನೆಯ ಸಲ ನಿಜ ಹೇಳಲು ಬಾಯಿ ತೆರೆದವನು, "ಎಲ್ಲರಿಗೂ ಟೀ ಮಾಡ್ಲಾ?" ಎಂದ. ಇದೊಂದು ತಪ್ಪನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು. ಆದರೆ ರೂಮು ತುಂಬ ಜನ, ಮಂಚದ ಮೇಲೂ ಜನ, ಕಿಟಕಿಯ ಕಟ್ಟೆಯ ಮೇಲೂ ಜನ. ಇಂಥ ಹೊತ್ತಿನಲ್ಲಿ ನಿಜ ಹೇಳಿ ಎಲ್ಲರನ್ನೂ ಎಬ್ಬಿಸಿ ಕಳಿಸುವಷ್ಟು ಗಟ್ಟಿ ಮನಸ್ಸು ಎಷ್ಟು ಜನಕ್ಕಿರುತ್ತದೆ?

ಅವನು ಕೆಳಗಿನಿಂದ ಲೋಟಗಳನ್ನು ಕಡ ತಂದು ಟೀ ಕಾಯಿಸುವಷ್ಟರಲ್ಲಿ, ಗಂಗುಲಪ್ಪನ ಉಸ್ತುವಾರಿಯಲ್ಲಿ ಎಲ್ಲರೂ ಅವನ ವೈಫೈಗೇ ಸೇರಿ, ಲ್ಯಾಪ್‌ಟಾಪಿನಲ್ಲಿ ಕಂಡ ವಿಳಾಸ ಹೊಡೆದು, ತಂತಮ್ಮ ಫೋನಿನಲ್ಲಿ ಟೂಲಿನ ಅಭಿಪ್ರಾಯದ ಪುಟ ತೆರೆದಿದ್ದರು. ಮೊದಲು ಬರೆದವನು ತಾಜ್ ಪಾಷಾ. 'ಎರಡನೆಯದು ತುಂಬಾ ಕ್ಲಿಯರ್' ಎಂದು ಇಂಗ್ಲಿಷಿನಲ್ಲಿ ಹೊಡೆಯಲು ಹೋದ. ಫೋನು ತನ್ನ ಬುದ್ಧಿ ಉಪಯೋಗಿಸಿ ಕ್ಲಿಯರನ್ನು ಕಲರ್ ಮಾಡಿತು. 'ಎರಡನೆಯದು ತುಂಬಾ ಕಲರ್.' ಅದು ಪುಟದ ಮೇಲೆ ಮೂಡಿದ್ದೇ ತಡ, "ಪಾಷಾದು ಪಾಸಾಯ್ತು, ಅವನ ತರಾನೇ ಬರೀರಿ, ಒಂದಕ್ಷರ ಹೆಚ್ಚುಕಮ್ಮಿ ಆಗ್ಬಾರ್ದು!" ಎಂದು ಗಂಗುಲಪ್ಪ ಕೂಗಿದ. ಎಲ್ಲರೂ ನಕಲು ಮಾಡಿದರು. ಹೊಸದು ತುಂಬಾ ಕಲರ್ ಎಂದು ಸಾಲಾಗಿ ಸಾಕ್ಷಿ ಬಿತ್ತು. ಪರದೆಯ ಮೇಲೆ ಇದ್ದದ್ದು ಕಪ್ಪು ಬಿಳುಪು. ಯಾರೋ ಒಬ್ಬ ಮಾತ್ರ ಸ್ವಂತ ತಲೆ ಓಡಿಸಿ, ಶ್ರೀನಿವಾಸಪುರದ ಮಾವು ಬೇಕಾದವರು ಸಂಪರ್ಕಿಸಿ ಎಂದು ನಂಬರು ಹಾಕಿದ.

ಟೀ ಮುಗಿಯಿತು, ಜನ ಇಳಿದರು. ಬರೆದುಕೊಟ್ಟ ಮೇಲೆ ಕೂರಲು ಯಾರಿಗೂ ಕೆಲಸವಿರಲಿಲ್ಲ. ತಾಜ್ ಪಾಷಾ ಕೂಡ "ಮೆಷಿನ್ ಬಂದಾಗ ಕೂಗಿ ಸಾರ್" ಎಂದು ಹೊರಟ.

ಕಾಂತರಾಜ ಪುಟ ನೋಡಿದ. ಅಷ್ಟು ಜನ ಬರೆದಿದ್ದರು, ಒಬ್ಬರೂ ನೋಡಿರಲಿಲ್ಲ. ರೂಮು ಮೊದಲಿಗಿಂತ ದೊಡ್ಡದಾಗಿ ಕಂಡಿತು. ಅವನಿಗೆ ಅಳು ಬಂತು ಎಂದರೆ ಹೆಚ್ಚಾಗುತ್ತದೆ, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಗ ಜಹಾನಾರಾ ಮೇಲೆ ಬಂದಳು. ತಾಜ್ ಪಾಷಾನ ಅಕ್ಕ, ಬೀದಿಗೆಲ್ಲ 'ಆಪಾ'. ಚಿಕ್ಕ ವಯಸ್ಸಿನಿಂದ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಚೆಲ್ಲಿದ ಗೂಡು ಆರಿಸಿಕೊಂಡು ಹೋಗಲು ಬಂದವಳು ಮಂಚದ ಕೆಳಗೆ ಬಗ್ಗಿ, ಎದ್ದು, ಸೊಂಟಕ್ಕೆ ಕೈಕೊಟ್ಟು ಪರದೆಯ ಮುಂದೆ ನಿಂತಳು.

"ಇದಕ್ಕೇನಾ ಬೇಟಾ, ಇಷ್ಟು ಗಲಾಟೆ?"

"ಹೂಂ ಆಪಾ."

"ಯಾರಿಗೋಸ್ಕರ ಮಾಡಿದ್ದು?"

"ಯಾರಾದ್ರೂ ನೋಡ್ಲಿ ಅಂತ."

ಅವಳು ನೋಡಿದಳು. ಸೆರಗಿನಲ್ಲಿ ಗೂಡು ಹಿಡಿದುಕೊಂಡು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಅವಸರವಿಲ್ಲದೆ ನೋಡಿದಳು. ಮದುವೆ ಮನೆಯಲ್ಲಿ ಸೀರೆ ನೋಡುವ ಹಾಗೆ ನೋಡಿದಳು.

"ಆ ಕಡೇದು ಕಣ್ಣು ಚುಚ್ತದೆ" ಎಂದಳು ಕೊನೆಗೆ. "ಈ ಕಡೇದು ಕಣ್ಣಿಗೆ ಸಿಗ್ತದೆ. ಒಳ್ಳೇದು ಮಾಡಿದ್ದೀಯ."

"ಆಪಾ, ಅದನ್ನೇ ನಿಮ್ ಹೆಸರಲ್ಲಿ ಬರೀಲಾ?"

"ನಂಗೆ ಫೋನೂ ಇಲ್ಲ, ಓದೂ ಇಲ್ಲ. ನೀನೇ ಬರ್ಕೋ" ಎಂದು ಅವಳು ಇಳಿದು ಹೋದಳು.

ಕಾಂತರಾಜ ತನ್ನ ಕಂಪ್ಯೂಟರಿನಲ್ಲೇ ಜಹಾನಾರಾ ಎಂಬ ಹೆಸರಿನಲ್ಲಿ ಬರೆಯಲು ಕೂತ. ಒಂದೇ ಸಾಲು ಬರೆದು ಬಿಡಬೇಕಿತ್ತು. ಆದರೆ ಮೂರು ವರ್ಷದಿಂದ ಯಾರಾದರೂ ಹೇಳಲಿ ಎಂದು ಕಾದ ಮಾತುಗಳು ಒಳಗೆ ತುಂಬಿ ಕೂತಿದ್ದವು. ಹಳೆಯದರಲ್ಲಿ ಹಿಂದಕ್ಕೆ ಹೋಗುವ ದಾರಿ ಇದೆ ಆದರೆ ಕಾಣುವುದಿಲ್ಲ, ಹೊಸದರಲ್ಲಿ ಪ್ರತಿ ಹೆಜ್ಜೆಯಲ್ಲೂ ಎಲ್ಲಿಂದ ಬಂದೆವು ಎಂದು ಗೊತ್ತಾಗುತ್ತದೆ, ಬಿದ್ದವನಿಗೆ ಮನೆ ದಾರಿ ತೋರಿಸಿದ ಹಾಗಿದೆ, ಇದನ್ನು ಮಾಡಿದವರು ತುಂಬಾ ತಾಳ್ಮೆಯಿಂದ ಮಾಡಿದ್ದಾರೆ, ಎಂದೆಲ್ಲ ಬರೆದ. ಅವಳು ಹೇಳಿದ್ದು ಮೂರು ಮಾತು, ಅವನು ಬರೆದದ್ದು ಒಂದು ಪುಟ. ಕಳಿಸಿ, ಓದಿ, ಮತ್ತೊಮ್ಮೆ ಓದಿದ. ಹೊಗಳಿಕೆ ತಾನೇ ಬರೆದುಕೊಂಡದ್ದಾದರೂ ಕಿವಿ ಬೆಚ್ಚಗಾಯಿತು.

ಸಂಜೆ ಹೆನ್ರಿಕ್‌ನ ಮೇಲ್ ಬಂತು. ಎಂದಿನ ಸೌಜನ್ಯವಿರಲಿಲ್ಲ.

"ಒಬ್ಬರು ಸಾಕು ಎಂದಿದ್ದೆ. ಒಂದೇ ಇಂಟರ್‌ನೆಟ್ ವಿಳಾಸದಿಂದ, ಒಂದೇ ಹೊತ್ತಿನಲ್ಲಿ, ಒಂದೇ ತಪ್ಪಿನ ಒಂದೇ ವಾಕ್ಯವನ್ನು ಒಂದು ಹಿಂಡು ಜನ ಬರೆದಿದ್ದಾರೆ. ಇದರಲ್ಲಿ ಕಲರ್ ಎಲ್ಲಿದೆ? ನೀವು ಒಬ್ಬರೇ ಕೂತು ಇಷ್ಟು ಜನರನ್ನು ಹುಟ್ಟಿಸಿದ್ದೀರಿ ಅನಿಸುತ್ತದೆ. ಎಲ್ಲವನ್ನೂ ಅಳಿಸಿದ್ದೇನೆ, ಒಂದನ್ನು ಬಿಟ್ಟು. ಜಹಾನಾರಾ ಬರೆದದ್ದು ಈ ಟೂಲಿನ ಬಗ್ಗೆ ನಾನು ಓದಿದ ಅತ್ಯುತ್ತಮ ಮಾತು. ಆದರೆ ಅದು ಬಂದದ್ದು ನಿಮ್ಮ ಕಂಪ್ಯೂಟರಿನಿಂದ. ಆಕೆ ನಿಜವಾಗಿ ಇದ್ದರೆ ಈಗಲೇ ಕ್ಯಾಮೆರಾ ಮುಂದೆ ಬರಲಿ. ಬಾಗಿಲು ಹಾಕುವ ಹೊತ್ತಾಯಿತು."

ಮನೆ ತುಂಬ ಜನ ಬಂದ ಒಂದೇ ಒಂದು ದಿನ, ನೀನು ಒಬ್ಬನೇ ಎಂದು ಬರೆಸಿಕೊಂಡ ಕಾಂತರಾಜ ಮೆಟ್ಟಿಲು ಇಳಿದು ಓಡಿದ.

ಕೆಳಗೆ ವಾತಾವರಣ ಕೆಟ್ಟಿತ್ತು. ಗಂಗುಲಪ್ಪ ರೇಷ್ಮೆ ಇಲಾಖೆಗೆ ಫೋನ್ ಮಾಡಿ, ಅಂಥ ಮೆಷಿನ್ನೇ ಇಲ್ಲ ಎಂದು ಕೇಳಿಸಿಕೊಂಡಿದ್ದ.

"ನೀನು ಏನ್ ಮನುಷ್ಯನಯ್ಯಾ! ಇಷ್ಟು ಜನಕ್ಕೆ ಟೋಪಿ ಹಾಕ್ಬಿಟ್ಟೆಯಲ್ಲಾ!" ಎಂದು ಗದರಿದ. ಸುದ್ದಿ ಹಬ್ಬಿಸಿದ್ದು ತಾನು ಎನ್ನುವುದು ಅವನ ನೆನಪಿನಲ್ಲಿರಲಿಲ್ಲ.

"ನನ್ ಲೋಟ ವಾಪಸ್ ಕೊಡಿ ಸಾರ್" ಎಂದಷ್ಟೇ ಹೇಳಿ ತಾಜ್ ಪಾಷಾ ಮುಖ ತಿರುಗಿಸಿದ. ಬೆಳಗ್ಗೆ ಹೆಗಲ ಮೇಲೆ ಬಂದಿದ್ದ ಕೈ ಈಗ ಅವನ ಜೇಬಿನಲ್ಲಿತ್ತು.

ಕಾಂತರಾಜ ನೇರವಾಗಿ ಜಹಾನಾರಾಳ ಬಳಿ ಹೋದ. "ಆಪಾ, ಒಂದೇ ನಿಮಿಷ ಮೇಲೆ ಬನ್ನಿ. ನೀವಿದ್ದೀರ ಅಂತ ಅವರಿಗೆ ನಂಬಿಕೆ ಇಲ್ಲ."

"ನಾನಿಲ್ವಾ?" ಜಹಾನಾರಾಗೆ ರೇಗಿತು. "ಯಾರವ್ನು ಅಂದೋನು? ನಡಿ."

ಮೂರು ವರ್ಷದಲ್ಲಿ ಮೊದಲ ಸಲ ಹೆನ್ರಿಕ್‌ನ ಮುಖ ಕಂಡಿತು. ನರೆತ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಕಾಂತರಾಜ ಕೂದಲು ಸವರಿಕೊಂಡು, ನಾನೇ ಕಾಂತರಾಜ್ ಎಂದು ಹೇಳಲು ಕತ್ತು ಮುಂದೆ ಚಾಚಿದ. ಹೆನ್ರಿಕ್‌ನ ಕಣ್ಣು ಅವನನ್ನು ದಾಟಿ ಹಿಂದೆ ಹೋಯಿತು. "ಜಹಾನಾರಾ? ನಮಸ್ಕಾರ!" ಎಂದ.

"ಏನಂತಾನೆ?" ಎಂದಳು ಜಹಾನಾರಾ.

"ಏನಾದ್ರೂ ಮಾತಾಡಿ ಅಂತಾರೆ ಆಪಾ."

ಜಹಾನಾರಾ ಕುರ್ಚಿ ಎಳೆದು ಕೂತಳು. "ನೋಡೋಕೆ ದೊಡ್ಡಮನುಷ್ಯ ಇದ್ದಂಗವ್ನೆ. ಹೇಳು ಅವನಿಗೆ, ನಮ್ ತಾಜುಗೆ ಸ್ವಲ್ಪ ಬುದ್ಧಿ ಹೇಳ್ಲಿ. ಕಳಪೆ ಗೂಡು ತಂದು ನನ್ ತಲೆ ಮೇಲೆ ಹಾಕ್ತಾನೆ. ದಾರ ಕಿತ್ತು ಕಿತ್ತು ಹೋಗ್ತದೆ. ಕಿತ್ತೋದ್ರೆ ಸುಮ್ನೆ ಆಯ್ತಾ? ಹಿಂದಕ್ಕೆ ಹೋಗ್ಬೇಕು, ತುದಿ ಹುಡುಕ್ಬೇಕು, ಹಿಂಗೆ, ಹಿಂಗೆ ತಗೀಬೇಕು." ಅವಳ ಬೆಳ್ಳನೆಯ ಬೆರಳುಗಳು ಗಾಳಿಯಲ್ಲಿ ಕಾಣದ ಎಳೆಯೊಂದನ್ನು ಹುಡುಕಿ, ಹಿಡಿದು, ಒಂದೊಂದೇ ಸುತ್ತಾಗಿ ಹಿಂದಕ್ಕೆ ಬಿಚ್ಚಿದವು. ಹೆನ್ರಿಕ್ ಕನ್ನಡಕ ಮೇಲೆತ್ತಿ ಪರದೆಯ ಹತ್ತಿರ ಬಂದ.

"ಹೊಸದು ಸ್ಪಷ್ಟವಾಗಿದೆ ಎನ್ನುತ್ತಿದ್ದಾರೆ" ಎಂದು ಕಾಂತರಾಜ ಅನುವಾದಿಸಿದ.

"ಅಷ್ಟೇನಾ? ಅವರು ಬಹಳ ಹೇಳಿದರಲ್ಲ!" ಹೆನ್ರಿಕ್ ಹುಬ್ಬು ಗಂಟಿಕ್ಕಿದ. "ದಾರಿ ಮಧ್ಯೆ ಹಿಂದಿನ ವಿಳಾಸವೇ ಸಿಗದಿದ್ದರೆ ಏನು ತೋರಿಸಬೇಕು, ಕೇಳಿ."

ಕಾಂತರಾಜ ಜಹಾನಾರಾಳ ಕಡೆ ತಿರುಗಿ, "ಊಟ ಆಯ್ತಾ ಅಂತ ಕೇಳ್ತಿದ್ದಾರೆ" ಎಂದ. ಅವಳು ತಾಜು ಅಕ್ಕಿ ಯಾವಾಗ ತರುತ್ತಾನೆ, ಯಾವಾಗ ಮರೆಯುತ್ತಾನೆ ಎಂದು ವಿವರವಾಗಿ ಹೇಳಿದಳು. ಅವಳು ಮುಗಿಸುವ ತನಕ ಕಾದು, ಕಾಂತರಾಜ ತನ್ನ ಎದೆಯಲ್ಲಿದ್ದ ಉತ್ತರವನ್ನು ಅವಳದೆಂದು ಹೇಳಿದ. ಸಿಗದಿದ್ದರೆ ಸಿಗಲಿಲ್ಲ ಎಂದೇ ತೋರಿಸಬೇಕು, ಊಹೆ ಮಾಡಿ ತುಂಬಬಾರದು. ಸುಳ್ಳು ವಿಳಾಸಕ್ಕಿಂತ ಖಾಲಿ ಜಾಗ ಮೇಲು.

ಹೆನ್ರಿಕ್ ಮೇಜು ತಟ್ಟಿ ನಕ್ಕ. ಮತ್ತೆ ಕೇಳಿದ. ಮತ್ತೆ ಜಹಾನಾರಾ ತಮ್ಮನನ್ನು ಬೈದಳು, ಮತ್ತೆ ಕಾಂತರಾಜ ಉತ್ತರ ಕೊಟ್ಟ. ತಾನು ಮಾಡಿದ್ದನ್ನು ಅರ್ಥವಾಗುವ ಒಬ್ಬರ ಜೊತೆ ಬಾಯಿ ತುಂಬ ಮಾತಾಡುವುದು ಹೇಗಿರುತ್ತದೆ ಎಂದು ಅವನಿಗೆ ಅವತ್ತೇ ಗೊತ್ತಾದದ್ದು. ಅವನ ಜೀವನದಲ್ಲಿ ಅಷ್ಟು ಒಳ್ಳೆಯ ಸಂಜೆ ಬಂದಿರಲಿಲ್ಲ.

ಕರೆ ಮುಗಿಯಿತು. ಜಹಾನಾರಾ ಗೂಡು ಬೇಯುವ ಬೇಸಿನ್ನಿನ ಮುಂದಕ್ಕೆ ಹೋದಳು. ಕಾಂತರಾಜ ಲೋಟ ತೊಳೆಯುತ್ತಿದ್ದಾಗ ಕಂಪ್ಯೂಟರ್ ಟಿಣ್ ಎಂದಿತು. ತಿದ್ದುಪಡಿ ಸೇರಿಸಲಾಗಿದೆ! ಅವನು ಒದ್ದೆ ಕೈಯಲ್ಲೇ ಪುಟ ತೆರೆದ.

ಮಾಡಿದವರು: ಜಹಾನಾರಾ. ನೋಡಿ ಹೇಳಿದವರು: ಕಾಂತರಾಜ್.

ಕೆಳಗೆ ಹೆನ್ರಿಕ್‌ನ ಟಿಪ್ಪಣಿ ಇತ್ತು. "ಮೂರು ವರ್ಷದಲ್ಲಿ ನೀವು ನನಗೆ ಬರೆದದ್ದು 'ಸರಿಪಡಿಸಿದ್ದೇನೆ', 'ಕ್ಷಮಿಸಿ', ಇವೆರಡೇ. ಇಷ್ಟು ತಿಳಿವಳಿಕೆಯ ಕೆಲಸ ನಿಮ್ಮದೇ ಹೌದೇ ಎಂದು ನನಗೆ ಯಾವಾಗಲೂ ಒಂದು ಅನುಮಾನವಿತ್ತು. ಇವತ್ತು ಆಕೆಯ ಕೈ ನೋಡಿದ ಮೇಲೆ ಎಲ್ಲ ಅರ್ಥವಾಯಿತು. ಮೂರನೆಯವರೊಬ್ಬರು ನೋಡಬೇಕು ಎಂಬ ನಿಯಮಕ್ಕೆ ನೀವೇ ಸಾಕು."

ಕಾಂತರಾಜ ಗಾಬರಿಯಿಂದ, ಇಲ್ಲ, ಮಾಡಿದವನು ನಾನೇ, ಎಂದು ಬರೆದ. ಅವನು ಹೆನ್ರಿಕ್‌ಗೆ ಬರೆದ ಅತ್ಯಂತ ಉದ್ದದ ಪತ್ರ ಅದು. ಉತ್ತರ ಬೇಗ ಬಂತು, ಬಹಳ ಮೃದುವಾಗಿತ್ತು. "ಹೆಂಗಸರ ಕೆಲಸವನ್ನು ತಮ್ಮದೆಂದು ಹೇಳಿಕೊಳ್ಳುವ ಗಂಡಸರು ನಮ್ಮ ಕಡೆಯೂ ಇದ್ದಾರೆ. ಇಲ್ಲಿಗೇ ಬಿಟ್ಟರೆ ನಾನೂ ಮರೆತುಬಿಡುತ್ತೇನೆ."

ಅದರ ಹಿಂದೆಯೇ ಇನ್ನೊಂದು ಪತ್ರ ಬಂತು.

"ಪ್ರಿಯ ಜಹಾನಾರಾ, ಇನ್ನು ಮುಂದೆ ನಿಮಗೇ ಬರೆಯುತ್ತೇನೆ. ಟೂಲಿನ ಮುಂದಿನ ಭಾಗವನ್ನೂ ನೀವೇ ಕೈಗೆತ್ತಿಕೊಳ್ಳಬೇಕೆಂದು ನನ್ನ ಆಸೆ. ಒಪ್ಪಿಗೆಯೇ? ಒಂದು ಕೋರಿಕೆ. ನಮ್ಮಿಬ್ಬರ ನಡುವೆ ಅನುವಾದ ಮಾಡುವವರಿಗೆ ದಯವಿಟ್ಟು ತಿಳಿಸಿ, ನೀವು ಹೇಳಿದಷ್ಟನ್ನೇ ಬರೆಯಲಿ, ಸ್ವಂತದ್ದೇನೂ ಸೇರಿಸುವುದು ಬೇಡ."

ಕಾಂತರಾಜ ಪತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೆಳಗಿಳಿದು, ಬೇಸಿನ್ನಿನ ಹಬೆಯಲ್ಲಿ ನಿಂತಿದ್ದ ಜಹಾನಾರಾಳಿಗೆ, "ಆಪಾ, ಅವರು ನಿಮಗೆ ಪತ್ರ ಬರ್ದಿದ್ದಾರೆ. ಇನ್ಮೇಲೂ ಬರೀತಾರಂತೆ. ಸರೀನಾ ಅಂತ ಕೇಳ್ತಾರೆ" ಎಂದ.

"ತಾಜುಗೆ ಬುದ್ಧಿ ಹೇಳ್ತಾನಂತಾ?"

"ಕೇಳ್ತೀನಿ."

"ಹಂಗಾದ್ರೆ ಸರಿ" ಎಂದಳು, ಎಳೆಯಿಂದ ಕಣ್ಣು ಎತ್ತದೆ.

ಅವನು ಮೇಲೆ ಬಂದು ಕೂತ. "ಅವರು ಸರಿ ಎಂದರು" ಎಂದು ಬರೆದ. ತನ್ನದೊಂದು ಮಾತು ಸೇರಿಸಲು ಬೆರಳು ಎತ್ತಿದವನು, ಸೇರಿಸದೆ ಕಳಿಸಿದ.